‘ಮತ್ತು ಸಂಗಡಿಗರು’ ಅಂದರೆ ಯಾರ್ರೀ?

ಬಹಳ ದಿನಗಳಾದವು ಇಲ್ಲಿ ಏನೂ ಬರೆದು. ಘಟಕ ಪರೀಕ್ಷೆ, ಪೇಪರ್ ತಿದ್ದುವುದು, ಮೇಲಿನವರು ಕೇಳಿದ ಮಾಹಿತಿಯನ್ನೇ ಮತ್ತೆ ಮತ್ತೆ ಬೇರೆ ಬೇರೆ ನಮೂನೆಯಲ್ಲಿ ತುಂಬಿ ಕೊಡುವುದು... ಇದರಲ್ಲೇ ದಿನ ಹೋದವು. ಕನ್ನಡ ಪುಸ್ತಕ ತಡವಾಗಿ ಬಂತು, ಕನ್ನಡ ಶಿಕ್ಷಕರ ಹುದ್ದೆ ಖಾಲಿ ಇದೆ ಎಂಬ ನಮ್ಮ ನಿತ್ಯದ ಹಾಡನ್ನು ಈ ಸಲ ಪಕ್ಕಕ್ಕಿಟ್ಟು ಬೇರೆ ಹಾಡಿನ ಮಾತು ತೆಗೆಯುತ್ತೇವೆ. ಬೀಟಲ್ಸ್ ಹಾಡಿನ ಮಾತು. ನಗಬೇಡಿ. ಜತ್ತ ತಾಲೂಕಿನ ಕನ್ನಡ ಸಾಲಿ ಮಾಸ್ತರರಿಗೆ ಇಂಗ್ಲೆಂಡಿನ ರಾಕ್ ಬ್ಯಾಂಡ್ ಜೊತೆ ಏನು ಜಗಳ ಅಂತ ಕೇಳುವವರು ಕೊನೆಯವರೆಗೆ ಓದಿ, ಆಮೇಲೆ ಕೇಳಿ.

ಟಿಸಿಎಚ್ ಓದುವಾಗ ನಮ್ಮ ಹಾಸ್ಟೆಲಿನಲ್ಲಿ ಒಂದೇ ಒಂದು ಟೇಪ್ ರೆಕಾರ್ಡರ್ ಇತ್ತು. ಸೋಲಾಪುರದ ಕಡೆಯ ಗೆಳೆಯನೊಬ್ಬ ತಂದದ್ದು. ಅವನ ಹತ್ತಿರ ಭಾವಗೀತೆ, ತತ್ವಪದ, ಹಿಂದಿ ಸಿನಿಮಾ ಹಾಡುಗಳ ನಡುವೆ ಒಂದು ಇಂಗ್ಲಿಷ್ ಕ್ಯಾಸೆಟ್ಟೂ ಇತ್ತು. ಅವರಣ್ಣ ಪುಣೆಯಲ್ಲಿ ಯಾರದ್ದೋ ಎಲ್.ಪಿ.ಯಿಂದ ತುಂಬಿಸಿಕೊಟ್ಟದ್ದಂತೆ. ಮೇಲೆ ಬಾಲ್‌ಪೆನ್ನಿನಲ್ಲಿ ‘ಸಾರ್ಜೆಂಟ್ ಪೆಪ್ಪರ್’ ಅಂತ ಬರೆದಿತ್ತು. ಪೂರ್ತಿ ಹೆಸರು ‘ಸಾರ್ಜೆಂಟ್ ಪೆಪ್ಪರ್ಸ್ ಲೋನ್ಲಿ ಹಾರ್ಟ್ಸ್ ಕ್ಲಬ್ ಬ್ಯಾಂಡ್’ ಎಂದು ನಮಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಮಾತು ಅರ್ಧ ತಿಳಿಯುತ್ತಿರಲಿಲ್ಲ, ಆದರೂ ಒಂದನೇ ಬದಿ ಬಾಯಿಪಾಠ ಆಗಿಹೋಗಿತ್ತು. ಎರಡನೇ ಬದಿ ಹಚ್ಚಿದ ಮೊದಲ ದಿನ ಮಾತ್ರ ನಾವೆಲ್ಲ ಬೆಚ್ಚಿದೆವು. ತಂಬೂರಿ! ಹಿಂದೆಯೇ ತಬಲಾ, ಸಾರಂಗಿಯ ಹಾಗೆ ಎಳೆಯುವ ಯಾವುದೋ ವಾದ್ಯ. “ಲೇ, ಯಾರೋ ಇದರ ಮ್ಯಾಲೆ ಭಜನಿ ರೆಕಾರ್ಡ್ ಮಾಡ್ಯಾರ ನೋಡೋ” ಅಂದ ಒಬ್ಬ. “ಓಡಸೋ ಮುಂದಕ” ಅಂದ ಇನ್ನೊಬ್ಬ. ಓಡಿಸಿದೆವು. ಎರಡು ವರ್ಷ ಪ್ರತಿ ಸಲವೂ ಆ ಐದು ನಿಮಿಷವನ್ನು ಓಡಿಸಿಯೇ ಬಿಟ್ಟೆವು. ಭಜನೆ ಕೇಳಲು ಇಂಗ್ಲಿಷ್ ಕ್ಯಾಸೆಟ್ ಯಾಕೆ ಬೇಕು ಎಂಬುದು ಅಂದಿನ ನಮ್ಮ ವಾದ.

ಆ ಹಾಡು ‘ವಿದಿನ್ ಯು ವಿದೌಟ್ ಯು’. ಜಾರ್ಜ್ ಹ್ಯಾರಿಸನ್ ಬರೆದು ಹಾಡಿದ್ದು. ಈ ಲೇಖನದ ಜಗಳ ಪೂರ್ತಿ ಆ ಐದು ನಿಮಿಷದ್ದೇ.

1967ರ ಜೂನ್ 1ರಂದು ಬಂದ ಈ ಆಲ್ಬಮ್ಮಿಗೆ ಐವತ್ತು ತುಂಬಿದಾಗ, 2017ರ ಮೇ ತಿಂಗಳಲ್ಲಿ, ಅದರ ದೊಡ್ಡ ಆವೃತ್ತಿ ಬಂತು. ಹಾಡುಗಳನ್ನು ಹೊಸದಾಗಿ ಸ್ಟೀರಿಯೋಗೆ ಮಿಶ್ರಣ ಮಾಡಿದವರು ಜೈಲ್ಸ್ ಮಾರ್ಟಿನ್ ಮತ್ತು ಸ್ಯಾಮ್ ಒಕೆಲ್. ಜೈಲ್ಸ್ ಅಂದರೆ ಮೂಲ ಆಲ್ಬಮ್ಮಿನ ನಿರ್ಮಾಪಕ ಜಾರ್ಜ್ ಮಾರ್ಟಿನ್ ಅವರ ಮಗ. ದುಬಾರಿ ಪೆಟ್ಟಿಗೆಯಲ್ಲಿ ನಾಲ್ಕು ಸಿ.ಡಿ., ಒಂದು ಡಿ.ವಿ.ಡಿ., ಒಂದು ಬ್ಲೂ-ರೇ, ದಪ್ಪ ಪುಸ್ತಕ. ಅದನ್ನು ಕೊಳ್ಳುವ ತಾಕತ್ತು ನಮಗಿಲ್ಲ. ದೀಪಾವಳಿ ರಜೆಯಲ್ಲಿ ನಾವು ಮೂವರು ಹಳೆಯ ಹಾಸ್ಟೆಲ್ ಗೆಳೆಯರು, ಈಗ ಮೂರು ಸಾಲಿಗಳ ಮಾಸ್ತರರು, ಒಬ್ಬರ ಮನೆಯಲ್ಲಿ ಕೂಡಿ ಮೊಬೈಲಿಗೆ ಸ್ಪೀಕರ್ ಹಚ್ಚಿ ಒಂದು ಮಧ್ಯಾಹ್ನ ಪೂರ್ತಿ ಕೇಳಿದೆವು.

ಇಂಥ ಆವೃತ್ತಿ ಬಂದಾಗಲೆಲ್ಲ ಎರಡು ಗುಂಪು ಹುಟ್ಟುತ್ತವೆ. ಒಂದು ಗುಂಪು, ಅಬ್ಬಾ ಏನು ಸ್ಪಷ್ಟ, ಡ್ರಮ್ಮು ಎದೆಗೇ ಬಡಿಯುತ್ತದೆ ಅನ್ನುತ್ತದೆ. ಇನ್ನೊಂದು, ಹಳೆಯದನ್ನು ಮುಟ್ಟಿದ್ದೇ ಪಾಪ ಅನ್ನುತ್ತದೆ. ಎರಡೂ ಗುಂಪಿಗೆ ನಮ್ಮದೊಂದು ಮಾತಿದೆ.

ಮೊದಲು ಪಾಪದವರಿಗೆ. 1967ರಲ್ಲಿ ಬೀಟಲ್ಸ್ ಮುತುವರ್ಜಿಯಿಂದ ಕೂತು ಮಾಡಿಸಿದ್ದು ಮೋನೋ ಮಿಶ್ರಣವನ್ನು. ಆಗ ಮನೆಗಳಲ್ಲಿ ಇದ್ದದ್ದೇ ಹೆಚ್ಚಾಗಿ ಮೋನೋ ಪ್ಲೇಯರು. ಸ್ಟೀರಿಯೋ ಮಿಶ್ರಣವನ್ನು ಆಮೇಲೆ ಅವರಿಲ್ಲದೆ, ಕೆಲವೇ ದಿನಗಳಲ್ಲಿ ಮುಗಿಸಿದರು. ‘ಶೀ ಈಸ್ ಲೀವಿಂಗ್ ಹೋಮ್’ ಹಾಡಿನ ವೇಗವೇ ಎರಡರಲ್ಲೂ ಬೇರೆ. ಮೋನೋದಲ್ಲಿ ಚುರುಕು, ಶ್ರುತಿಯೂ ಮೇಲೆ. ಆದರೆ 1987ರಲ್ಲಿ ಸಿ.ಡಿ. ಬಂದಾಗ ಅದರಲ್ಲಿದ್ದದ್ದು ಆ ಅವಸರದ ಸ್ಟೀರಿಯೋ. ಮೋನೋ ಸಿ.ಡಿ. ರೂಪದಲ್ಲಿ ಬರಲು 2009 ಆಗಬೇಕಾಯಿತು. ಹಾಗಾದರೆ ನೀವು ‘ಮೂಲ’ ಅಂತ ಪೂಜೆ ಮಾಡಿದ್ದು ಯಾವುದನ್ನು?

ಇನ್ನು ಸ್ಪಷ್ಟತೆಯವರಿಗೆ. ನಿಮ್ಮ ಮಾತು ಸುಳ್ಳಲ್ಲ. ಅಂದಿನ ಯಂತ್ರದಲ್ಲಿ ಇದ್ದದ್ದು ನಾಲ್ಕೇ ಟ್ರ್ಯಾಕು. ನಾಲ್ಕೂ ತುಂಬಿದ ಮೇಲೆ ಅವನ್ನು ಕೂಡಿಸಿ ಇನ್ನೊಂದು ಟೇಪಿಗೆ ಇಳಿಸಿ, ಖಾಲಿಯಾದ ಜಾಗದಲ್ಲಿ ಹೊಸ ವಾದ್ಯ ಸೇರಿಸುತ್ತಿದ್ದರು. ಕಾರ್ಬನ್ ಪ್ರತಿಯ ಕಾರ್ಬನ್ ಪ್ರತಿ ತೆಗೆದ ಹಾಗೆ. ಮೂರನೇ ಕಾಗದದಲ್ಲಿ ಅಕ್ಷರ ಹೇಗೆ ಮಬ್ಬಾಗುತ್ತದೆ ಅಂತ ಪ್ರಶ್ನೆಪತ್ರಿಕೆ ತಯಾರಿಸಿದ ಮಾಸ್ತರರಿಗೆ ಹೇಳಬೇಕಾಗಿಲ್ಲ. 2017ರಲ್ಲಿ ಮೊದಲ ಪ್ರತಿಗಳಿಗೇ ಹೋಗಿ, ಅಲ್ಲಿಂದ ಮಿಶ್ರಣ ಮಾಡಿದರು, ಮೋನೋವನ್ನು ಎದುರಿಗಿಟ್ಟುಕೊಂಡು. ಹಾಗಾಗಿ ಮಬ್ಬು ಹೋಗಿದೆ. ಸಂತೋಷ. ಆದರೆ ಮಬ್ಬು ಹೋದ ಮೇಲೆ ಅಕ್ಷರ ಓದಬೇಕಲ್ಲ? ಓದಿದಿರಾ? ಡ್ರಮ್ಮಿನ ಸದ್ದು ಎದೆಗೆ ಬಡಿಯಿತು, ಅಲ್ಲಿಗೇ ನಿಂತಿರಿ.

ಹೆಚ್ಚುವರಿ ಡಿಸ್ಕುಗಳಲ್ಲಿ ತಾಲೀಮಿನ, ಅರ್ಧಕ್ಕೆ ನಿಂತ, ತಪ್ಪಿದ ಪ್ರಯತ್ನಗಳಿವೆ. ಎಲ್ಲವೂ ಬೇಕಾಗಿರಲಿಲ್ಲ, ಕೆಲವನ್ನು ಒಂದು ಸಲ ಕೇಳಿದರೆ ಸಾಕು. ಆದರೂ ‘ಎ ಡೇ ಇನ್ ದ ಲೈಫ್’ ಕೊನೆಗೆ ಆ ಪ್ರಸಿದ್ಧ ಪಿಯಾನೋ ನಾದದ ಬದಲು ಬಾಯಿ ಮುಚ್ಚಿ ಎಲ್ಲರೂ ‘ಮ್...’ ಅಂತ ಗುನುಗುವ ಯೋಚನೆ ಮೊದಲಿತ್ತು ನೋಡಿ, ಅದರ ಪ್ರಯತ್ನಗಳೂ ಇಲ್ಲಿವೆ. ಜಗತ್ತೇ ಕೊಂಡಾಡುವ ಆಲ್ಬಮ್ಮಿನವರೂ ಮೊದಲ ಪ್ರಯತ್ನದಲ್ಲಿ ನಮ್ಮ ನಾಲ್ಕನೇ ಇಯತ್ತೆಯ ಹುಡುಗರ ಹಾಗೇ ಇದ್ದರು ಅನ್ನುವುದು ಮಾಸ್ತರರಿಗೆ ಒಳ್ಳೆಯ ಪಾಠ. ಕಚ್ಚಾ ವಹಿಯನ್ನು ಬಚ್ಚಿಡದೆ ತೋರಿಸಿದ್ದಕ್ಕೆ ನಾವು ಈ ಆವೃತ್ತಿಯ ಪರವೇ.

ಆಮೇಲೆ ಅದು ಬಂತು. ‘ವಿದಿನ್ ಯು ವಿದೌಟ್ ಯು’, ಒಂದನೇ ಟೇಕ್, ಭಾರತೀಯ ವಾದ್ಯಗಳು ಮಾತ್ರ. 1967ರ ಮಾರ್ಚ್ 15ರ ಧ್ವನಿಮುದ್ರಣ. ಹ್ಯಾರಿಸನ್ ಹಾಡು ಇಲ್ಲ, ಏಪ್ರಿಲ್ ತಿಂಗಳಲ್ಲಿ ಸೇರಿಸಿದ ಪಿಟೀಲು, ಚೆಲ್ಲೋ ಇಲ್ಲ. ಹಾಸ್ಟೆಲಿನಲ್ಲಿ ನಾವು ಓಡಿಸುತ್ತಿದ್ದ ಅದೇ ಐದು ನಿಮಿಷ, ಬರಿಮೈಯಲ್ಲಿ. ತಂಬೂರಿಯ ಮೇಲೆ ದಿಲ್‌ರುಬಾ ಎಳೆದ ಒಂದೊಂದು ಮೀಂಡೂ ಕೇಳುತ್ತದೆ. ನಡುವಿನ ವಾದ್ಯಭಾಗದಲ್ಲಿ ತಾಳ ಐದರ ಎಣಿಕೆಗೆ ಹೊರಳುತ್ತದೆ. ಆ ಹೊರಳುವ ಜಾಗದಲ್ಲಿ ತಬಲಾದವರು ತಡವರಿಸದೆ ನಡೆಯುವುದನ್ನು ಕೇಳಿ ನಮ್ಮಲ್ಲಿ ತಬಲಾ ಬಲ್ಲ ಒಬ್ಬರು ತೊಡೆ ತಟ್ಟುತ್ತ ಕೂತುಬಿಟ್ಟರು. ಅದರ ಹಿಂದೆಯೇ ಇನ್ನೊಂದು ತುಣುಕು. ಹ್ಯಾರಿಸನ್ ವಾದಕರಿಗೆ ಹೇಳಿಕೊಡುತ್ತಿರುವುದು. ಕಾಗದದ ಸ್ವರಲಿಪಿ ಅಲ್ಲ, ಬಾಯಿಂದ ಹಾಡಿ ತೋರಿಸಿ, ನಮ್ಮಲ್ಲಿ ಹೇಳಿಕೊಡುವ ಹಾಗೇ. ಆಗ ಅವನಿಗೆ 24 ವಯಸ್ಸು. ಹಿಂದಿನ ಸೆಪ್ಟೆಂಬರಿನಲ್ಲಷ್ಟೇ ಮುಂಬಯಿಗೆ ಬಂದು ರವಿಶಂಕರ್ ಹತ್ತಿರ ಸಿತಾರ್ ಕಲಿತು ಹೋಗಿದ್ದ ಹುಡುಗ.

ರಜೆ ಮುಗಿದ ಮೇಲೆ ಒಂದು ಶನಿವಾರ ಬೆಳಿಗ್ಗೆ ಇದನ್ನು ಹುಡುಗರಿಗೂ ಕೇಳಿಸಿದೆವು. “ಗುರೂಜಿ, ಇದು ಯಾರು ಬಾರಿಸ್ಯಾರ್ರೀ?” ಅಂತ ಏಳನೇ ಇಯತ್ತೆಯ ಹುಡುಗಿ ಕೇಳಿದಳು. ಮೊಬೈಲ್ ನೋಡಿದೆವು. ಪರದೆಯ ಮೇಲೆ ‘ದ ಬೀಟಲ್ಸ್’ ಅಂತ ಇತ್ತು.

ಇಲ್ಲಿದೆ ನಮ್ಮ ಜಗಳ. ಆ ಹಾಡಿನಲ್ಲಿ ಹ್ಯಾರಿಸನ್ ಒಬ್ಬನನ್ನು ಬಿಟ್ಟರೆ ಉಳಿದ ಮೂವರು ಬೀಟಲ್ಸ್ ಯಾರೂ ಇಲ್ಲ. ಜಾನ್ ಇಲ್ಲ, ಪಾಲ್ ಇಲ್ಲ, ರಿಂಗೋ ಇಲ್ಲ. ಇದ್ದವರು ಯಾರು? ದಿಲ್‌ರುಬಾ ಅಣ್ಣಾ ಜೋಶಿ ಮತ್ತು ಅಮೃತ್ ಗಜ್ಜರ್, ತಂಬೂರಿ ಬುದ್ಧದೇವ ಕನ್ಸಾರಾ, ತಬಲಾ ನಟವರ್ ಸೋನಿ. ಹೆಸರು ಕೇಳಿದರೆ ನಮ್ಮ ಪಕ್ಕದ ಓಣಿಯವರ ಹಾಗಿವೆ. ಲಂಡನ್ನಿನ ಈ ನಾಲ್ವರ ಹೆಸರು 1967ರ ಹೊದಿಕೆಯ ಮೇಲೆ ಎಲ್ಲೂ ಇಲ್ಲ. ಇಂಗ್ಲೆಂಡಿನ ಪತ್ರಿಕೆಗಳಲ್ಲಿ ಅವರದೊಂದು ಸುದ್ದಿಯಾಗಲು ಐವತ್ತು ವರ್ಷ ಹಿಡಿಯಿತು, 2017ರವರೆಗೆ.

ಹೊದಿಕೆಯಲ್ಲಿ ಜಾಗ ಇರಲಿಲ್ಲವೇ? ಬೇಕಾದಷ್ಟಿತ್ತು. ಹಿಂಬದಿಯಲ್ಲಿ ಎಲ್ಲ ಹಾಡುಗಳ ಸಾಹಿತ್ಯವನ್ನು ಅಚ್ಚು ಮಾಡಿದ್ದರು, ಆ ಕಾಲಕ್ಕೆ ಅದೇ ಹೊಸದು. ಮುಂಬದಿಯಲ್ಲಿ ಹತ್ತಾರು ಪ್ರಸಿದ್ಧರ ಮುಖಗಳ ಸಂತೆಯೇ ಇದೆ. ಆ ಸಂತೆಯಲ್ಲಿ ಹ್ಯಾರಿಸನ್ ಇಷ್ಟದಂತೆ ನಾಲ್ವರು ಭಾರತೀಯ ಗುರುಗಳೂ ಇದ್ದಾರೆ: ಮಹಾವತಾರ ಬಾಬಾಜಿ, ಲಾಹಿರಿ ಮಹಾಶಯ, ಯುಕ್ತೇಶ್ವರ ಗಿರಿ, ಪರಮಹಂಸ ಯೋಗಾನಂದ. ಗಾಂಧೀಜಿಯ ಚಿತ್ರವೂ ಇತ್ತು. ಭಾರತದಲ್ಲಿ ಜನಕ್ಕೆ ಬೇಸರವಾದೀತು ಎಂದು ಇ.ಎಂ.ಐ. ಕಂಪನಿಯ ಮುಖ್ಯಸ್ಥ ಸರ್ ಜೋಸೆಫ್ ಲಾಕ್‌ವುಡ್ ಅದನ್ನು ತೆಗೆಸಿದರು. ಅಂದರೆ ಭಾರತದ ನೆನಪು ಅವರಿಗೆ ಚೆನ್ನಾಗಿಯೇ ಇತ್ತು! ಒಂದೂ ಸ್ವರ ನುಡಿಸದ ನಾಲ್ವರು ಗುರುಗಳಿಗೆ ಹೊದಿಕೆಯ ಮೇಲೆ ಜಾಗ ಸಿಕ್ಕಿತು, ಒಳಗೆ ನುಡಿಸಿದ ನಾಲ್ವರಿಗೆ ಒಂದು ಸಾಲೂ ಸಿಗಲಿಲ್ಲ. ಗುರುಗಳ ಮೇಲೆ ನಮಗೆ ಭಕ್ತಿ ಇದೆ. ಲೆಕ್ಕ ಹೇಳಿದೆವು ಅಷ್ಟೇ.

ಇದಕ್ಕೊಂದು ಸಿದ್ಧ ಉತ್ತರ ಇದೆ, ನಮಗೂ ಗೊತ್ತು. “ಅಂದಿನ ಪದ್ಧತಿಯೇ ಹಾಗೆ ಸರ್, ಕೂಲಿಗೆ ಬಂದ ವಾದಕರು ಯಾರ ಹೆಸರನ್ನೂ ಹಾಕುತ್ತಿರಲಿಲ್ಲ, ಇಂಗ್ಲಿಷರದ್ದೂ ಇಲ್ಲ.” ನಿಜ. ‘ಶೀ ಈಸ್ ಲೀವಿಂಗ್ ಹೋಮ್’ ಶುರುವಾಗುವುದೇ ಶೀಲಾ ಬ್ರಾಮ್‌ಬರ್ಗ್ ನುಡಿಸಿದ ಹಾರ್ಪಿನಿಂದ. ಬೀಟಲ್ಸ್ ಧ್ವನಿಮುದ್ರಣದಲ್ಲಿ ನುಡಿಸಿದ ಮೊದಲ ಹೆಣ್ಣುಮಗಳು ಆಕೆ. ಸಿಕ್ಕಿದ್ದು 9 ಪೌಂಡ್. ಹೊದಿಕೆಯಲ್ಲಿ ಆಕೆಯ ಹೆಸರೂ ಇಲ್ಲ. ನಮ್ಮ ಈ ಐದು ನಿಮಿಷದ ಹಾಡಿನಲ್ಲೇ ಪಿಟೀಲಿನವರ ಮುಂದಾಳು ಎರಿಕ್ ಗ್ರೂನ್‌ಬರ್ಗ್, ದೊಡ್ಡ ದೊಡ್ಡ ಆರ್ಕೆಸ್ಟ್ರಾಗಳ ನಾಯಕ ವಾದಕ. ಅವರ ಹೆಸರೂ ಇಲ್ಲ. ಆದರೆ ಗ್ರೂನ್‌ಬರ್ಗ್ ಅವರಿಗೆ ಬೇರೆ ಹೊದಿಕೆಗಳಿದ್ದವು, ವೇದಿಕೆಗಳಿದ್ದವು. ಇದೊಂದು ಹೋದರೆ ಅವರಿಗೆ ನಷ್ಟವಿರಲಿಲ್ಲ. ಇರುವ ಒಂದೇ ಸಾಲು ತಪ್ಪಿದವರ ಮಾತು ಬೇರೆ. ಇನ್ನು ಬ್ರಾಮ್‌ಬರ್ಗ್ ಮಾತು ತೆಗೆದಿರಿ ಅಂದರೆ ನಮ್ಮ ಜಗಳ ಚಿಕ್ಕದಾಗಲಿಲ್ಲ, ದೊಡ್ಡದೇ ಆಯಿತು. ಆಕೆಯ ಪರವಾಗಿಯೂ ಜಗಳ ಆಡುತ್ತೇವೆ.

ಮತ್ತೆ, ಪದ್ಧತಿ ಇರಲಿಲ್ಲ ಅನ್ನುವುದೂ ಪೂರ್ತಿ ನಿಜವಲ್ಲ. ಒಂದು ವರ್ಷ ಹಿಂದೆ, 1966ರಲ್ಲಿ, ಇದೇ ಬೀಟಲ್ಸ್ ‘ರಿವಾಲ್ವರ್’ ತಂದರು. ಅದರಲ್ಲಿ ‘ಲವ್ ಯು ಟು’ ಎಂಬ ಹಾಡಿಗೆ ತಬಲಾ ನುಡಿಸಿದವರು ಅನಿಲ್ ಭಾಗವತ್. ಹೊದಿಕೆಯ ಹಿಂಬದಿಯಲ್ಲಿ ಅವರ ಹೆಸರು ಅಚ್ಚಾಗಿದೆ. ಹಾಗಾದರೆ ದಾರಿ ಗೊತ್ತಿತ್ತು. ಒಬ್ಬ ತಬಲಾದವರ ಹೆಸರು ಬರೆಯಲು ಎಷ್ಟು ಶಾಯಿ ಬೇಕು ಎಂಬ ಅಂದಾಜೂ ಇತ್ತು. ಮರುವರ್ಷ ಮರೆತರು, ಅಷ್ಟೇ. ನಾವು ಹಾಜರಿ ಬರೆಯುವಾಗ ಒಬ್ಬ ಹುಡುಗನ ಹೆಸರು ಬಿಟ್ಟರೆ ಮೇಲಿನವರು ‘ಪದ್ಧತಿ’ ಅಂತ ಬಿಟ್ಟುಬಿಡುತ್ತಾರೆಯೇ?

ಇನ್ನೊಂದು ಹೆಸರು ಹೇಳಬೇಕು. ಇದು ನಮಗೆ ಹತ್ತಿರದ್ದು. ಈ ವಾದಕರನ್ನು ಬೀಟಲ್ಸ್‌ಗೆ ಒದಗಿಸಿದ್ದು ಲಂಡನ್ನಿನ ಏಷ್ಯನ್ ಮ್ಯೂಸಿಕ್ ಸರ್ಕಲ್ ಎಂಬ ಸಂಸ್ಥೆ. 1946ರಲ್ಲಿ ಅದನ್ನು ಕಟ್ಟಿದವರು ಅಯಾನ ಅಂಗಡಿ ಮತ್ತು ಅವರ ಇಂಗ್ಲಿಷ್ ಹೆಂಡತಿ ಪೆಟ್ರೀಷಿಯಾ. ಹೌದು, ಅಂಗಡಿ! ಅಡ್ಡಹೆಸರೇ ಊರು ಹೇಳುತ್ತದೆ. ನಮ್ಮ ಹಾಜರಿ ಪುಸ್ತಕದಲ್ಲಿ ಈ ವರ್ಷವೂ ಅಂಗಡಿ ಎಂಬ ಅಡ್ಡಹೆಸರಿನ ಮಕ್ಕಳಿದ್ದಾರೆ. ಇಪ್ಪತ್ತರ ದಶಕದಲ್ಲಿ ಓದಿಗೆಂದು ಲಂಡನ್ನಿಗೆ ಹೋದ ಈ ಕನ್ನಡ ಮೂಲದ ಮನುಷ್ಯ ಮರಳಿ ಬರಲಿಲ್ಲ, ಉತ್ತರ ಲಂಡನ್ನಿನ ತಮ್ಮ ಮನೆಯನ್ನೇ ಭಾರತೀಯ ಸಂಗೀತದವರ ಠಾವು ಮಾಡಿದರು. ಪಿಟೀಲಿನ ಮಹಾನುಭಾವ ಯೆಹೂದಿ ಮೆನುಹಿನ್ ಆ ಸಂಸ್ಥೆಯ ಅಧ್ಯಕ್ಷರಾಗಿದ್ದರು. 1965ರಲ್ಲಿ ‘ನಾರ್ವೀಜಿಯನ್ ವುಡ್’ ಧ್ವನಿಮುದ್ರಣದ ವೇಳೆ ಹ್ಯಾರಿಸನ್ ಸಿತಾರಿನ ತಂತಿ ಹರಿದು, ಸ್ಟುಡಿಯೋದಿಂದ ಫೋನು ಹೋದದ್ದು ಅಂಗಡಿಯವರಿಗೆ ಎಂದು ಅವರ ಮನೆಯವರು ಹೇಳಿದ್ದಾರೆ. 1966ರಲ್ಲಿ ಹ್ಯಾರಿಸನ್ ರವಿಶಂಕರರನ್ನು ಮೊದಲು ಕಂಡದ್ದೂ ಈ ಅಂಗಡಿಯವರ ಮನೆಯಲ್ಲೇ. ಅಮೆರಿಕದಲ್ಲಿ ಯಾವುದೋ ಕಂಪನಿಗೆ ಯಾರೋ ಕನ್ನಡಿಗ ದೊಡ್ಡ ಅಧಿಕಾರಿಯಾದರೆ ವಾರಗಟ್ಟಲೆ ಹಬ್ಬ ಮಾಡುವ ನಮ್ಮವರಲ್ಲಿ ಎಷ್ಟು ಜನರಿಗೆ ಅಯಾನ ಅಂಗಡಿ ಗೊತ್ತು? ಕಳೆದ ವರ್ಷದವರೆಗೆ ನಮಗೂ ಗೊತ್ತಿರಲಿಲ್ಲ. ಹಾಸ್ಟೆಲಿನಲ್ಲಿ ಮುಂದಕ್ಕೆ ಓಡಿಸಿದ್ದು ನಾವೇ ಅಲ್ಲವೇ.

ಹಾಗಾದರೆ ನಮ್ಮ ಬೇಡಿಕೆ ಏನು? ದೊಡ್ಡದೇನಲ್ಲ. ‘ವಿಸ್ತೃತ’ ಅಂತ ಹೆಸರಿಟ್ಟು ಇಪ್ಪತ್ತೋ ಮೂವತ್ತೋ ಹೆಚ್ಚಿನ ತುಣುಕು ಕೊಡುವ ಕಂಪನಿಗಳು, ಆ ತುಣುಕು ಎಲ್ಲೆಲ್ಲಿ ಕೇಳಿಸುತ್ತದೋ ಅಲ್ಲೆಲ್ಲ ನುಡಿಸಿದವರ ಹೆಸರನ್ನೂ ಕಾಣಿಸಬೇಕು. ದುಬಾರಿ ಪೆಟ್ಟಿಗೆ ಕೊಳ್ಳುವವರಿಗೆ ಪುಸ್ತಕ ಇದೆ ಅನ್ನಬೇಡಿ. ನಮ್ಮ ಏಳನೇ ಇಯತ್ತೆಯ ಹುಡುಗಿ ನೋಡುವುದು ಮೊಬೈಲ್ ಪರದೆಯನ್ನು. ಸಿಂಬಲಿನ ಕಿಣಿಕಿಣಿ ಮೊದಲಿಗಿಂತ ಹೊಳೆಯುವಂತೆ ಮಾಡಲು ತಿಂಗಳುಗಟ್ಟಲೆ ಕೂರುವವರಿಗೆ ನಾಲ್ಕು ಹೆಸರು ಟೈಪ್ ಮಾಡಲು ಎಷ್ಟು ಹೊತ್ತು ಬೇಕು?

ಬೇರೆಯವರಿಗೆ ಇಷ್ಟು ಬೈದ ಮೇಲೆ ನಮ್ಮ ಮನೆಯ ಕಸವನ್ನೂ ಹೇಳಬೇಕಲ್ಲ. ನಮ್ಮ ಕಡೆ ತತ್ವಪದದ, ಜಾನಪದದ, ಭಜನೆಯ ಯಾವ ಹಳೆಯ ಕ್ಯಾಸೆಟ್ ಬೇಕಾದರೂ ತೆಗೆದು ನೋಡಿ. ಹಾಡಿದವರ ಹೆಸರು ದಪ್ಪಕ್ಷರದಲ್ಲಿ, ಕೆಳಗೆ ಸಣ್ಣದಾಗಿ ‘ಮತ್ತು ಸಂಗಡಿಗರು’. ಯಾರು ಆ ಸಂಗಡಿಗರು? ರಾತ್ರಿಯಿಡೀ ಏಕತಾರಿ ಮೀಟಿದವರು, ದಮ್ಮಡಿ ಬಾರಿಸಿದವರು, ಸೊಲ್ಲಿಗೆ ಸೊಲ್ಲು ಕೂಡಿಸಿದವರು. ಕಂಪನಿಯವರು ಬಿಡಿ, ಊರವರೂ ಬರೆದಿಡಲಿಲ್ಲ.

ನಾವೂ ಬರೆದಿಡಲಿಲ್ಲ. ನಮ್ಮಲ್ಲೊಬ್ಬರ ಸಾಲಿಯಲ್ಲಿ ಎಷ್ಟೋ ವರ್ಷದ ಹಿಂದೆ ಗಣರಾಜ್ಯೋತ್ಸವಕ್ಕೆ ಮಕ್ಕಳಿಂದ ನಾಡಗೀತೆ, ಸ್ವಾಗತಗೀತೆ ಹಾಡಿಸಿ ಒಂದು ಕ್ಯಾಸೆಟ್ ಮಾಡಿದ್ದರು. ಈಗ ಸಾಲಿಯ ಸ್ಮರಣ ಸಂಚಿಕೆ ತರುತ್ತಿದ್ದೇವೆ, ಜೊತೆಗೆ ಆ ಕ್ಯಾಸೆಟ್ಟನ್ನು ಮೊಬೈಲಿನಲ್ಲಿ ಕೇಳುವಂತೆ ಮಾಡಿಸುತ್ತಿದ್ದೇವೆ. ಸೋಲಾಪುರದಲ್ಲಿ ಒಬ್ಬರು ಹಳೆಯ ಟೇಪಿನ ಬೂಷ್ಟು ಒರೆಸಿ, ಜುಯ್ ಅನ್ನುವ ಸದ್ದು ತೆಗೆದು ಕೊಟ್ಟಿದ್ದಾರೆ. ಚೆನ್ನಾಗಿ ಬಂದಿದೆ. ಖುಷಿಯಿಂದ ಹಳೆಯ ಹೊದಿಕೆ ತಿರುವಿ ನೋಡಿದರೆ... ಮುಖ್ಯಾಧ್ಯಾಪಕರ ಹೆಸರು, ದೇಣಿಗೆ ಕೊಟ್ಟವರ ಹೆಸರು, ಆಮೇಲೆ ನಮ್ಮದೇ ಕೈಬರಹದಲ್ಲಿ ‘ವಿದ್ಯಾರ್ಥಿನಿಯರು ಮತ್ತು ಸಂಗಡಿಗರು’. ಹೌದು, ನಮ್ಮಲ್ಲೇ ಒಬ್ಬರು ಬರೆದದ್ದು. ಕೆಲಸಕ್ಕೆ ಸೇರಿದ ಹೊಸದರಲ್ಲಿ.

ಕಳೆದ ಎರಡು ತಿಂಗಳಿಂದ ಊರೂರು ಫೋನು ಹಚ್ಚುತ್ತಿದ್ದೇವೆ. ಹಾಡಿದ ಒಂಬತ್ತು ಹುಡುಗಿಯರಲ್ಲಿ ಏಳು ಜನ ಸಿಕ್ಕಿದ್ದಾರೆ. ಒಬ್ಬಾಕೆ ಇಂಡಿಯಲ್ಲಿ, ಇಬ್ಬರು ಸಾಂಗಲಿಯಲ್ಲಿ, ಉಳಿದವರು ಹತ್ತಿರದ ಹಳ್ಳಿಗಳಲ್ಲೇ. “ನನ್ ಹೆಸರು ಈಗ ಯಾಕ್ರೀ ಸರ, ನಮ್ಮ ಮಗಳss ಈಗ ಕಾಲೇಜಿಗೆ ಹೊಂಟಾಳ” ಅಂತ ಒಬ್ಬಾಕೆ ನಕ್ಕಳು. ತಾಳ ಹಿಡಿದವರು ಅಂದಿನ ನಮ್ಮ ಸಿಪಾಯಿ ಕಾಕಾ ಅಂತ ಗೊತ್ತಾಗಿದೆ. ತಬಲಾ ಪಕ್ಕದ ಮರಾಠಿ ಸಾಲಿಯ ಗುರೂಜಿ. ಕನ್ನಡ ಬಾರದಿದ್ದರೂ ಮೂರು ದಿನ ಬಂದು ತಾಲೀಮು ಮಾಡಿಸಿದ್ದರು, ಈಗ ಅವರಿಲ್ಲ, ಮಗನಿಂದ ಹೆಸರು ಬರೆಸಿಕೊಂಡೆವು.

ಹಾರ್ಮೋನಿಯಂ ಯಾರು ಅಂತ ಮಾತ್ರ ಇನ್ನೂ ತಿಳಿದಿಲ್ಲ. ಉಮರಾಣಿ ಕಡೆಯಿಂದ ಸೈಕಲ್ ಮೇಲೆ ಪೆಟ್ಟಿಗೆ ಕಟ್ಟಿಕೊಂಡು ಬರುತ್ತಿದ್ದರು, ಬಿಳಿ ಟೊಪ್ಪಿಗೆ, ಎಡಗಣ್ಣು ತುಸು ಮಂಜು ಎಂಬಷ್ಟು ಇಬ್ಬರಿಗೆ ನೆನಪಿದೆ. ಸಂಚಿಕೆ ಫೆಬ್ರವರಿ ಕೊನೆಗೆ ಅಚ್ಚಿಗೆ ಹೋಗುತ್ತದೆ. ಓದಿದವರಲ್ಲಿ ಆ ಕಡೆಯವರು ಯಾರಾದರೂ ಇದ್ದರೆ ಮನೆಯ ಹಿರಿಯರನ್ನು ಒಂದು ಮಾತು ಕೇಳಿ ನೋಡಿ. ಅಲ್ಲಿಯವರೆಗೆ ಆ ಸಾಲನ್ನು ಖಾಲಿ ಬಿಟ್ಟಿದ್ದೇವೆ.